ಚಿನ್ನದ ಲೆಕ್ಕ ವಜ್ರಕ್ಕೆ ನಡೆಯಲ್ಲ

ನಮಸ್ಕಾರ. ನಮ್ಮದು ಕೋಲಾರ. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿದು ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಚಿನ್ನದ ಲೆಕ್ಕ ಮಾತ್ರ ನಮ್ಮ ಮನೆಯಲ್ಲಿ ಹಾಗೇ ಉಳಿಯಿತು. ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್, ಇವತ್ತಿನ ರೇಟು ಎಷ್ಟು? ಈ ಮೂರು ಗೊತ್ತಿದ್ದರೆ ಒಡವೆ ಅಂಗಡಿಯಲ್ಲಿ ಯಾರೂ ಟೋಪಿ ಹಾಕಲ್ಲ ಅಂತ ಅಜ್ಜಿ ಹೇಳುತ್ತಿದ್ದರು.

ಹೋದ ವರ್ಷ ತಂಗಿಯ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ತರಲು ಹೋದೆವು. ಅಜ್ಜಿಯ ಕಾಲದಲ್ಲಿ ತಾಂಬೂಲದ ತಟ್ಟೆ ಬದಲಾಯಿಸಿದರೆ ಮಾತು ಮುಗಿಯುತ್ತಿತ್ತು. ಈಗ ಉಂಗುರ ಬೇಕು, ಅದೂ ವಜ್ರದ್ದೇ ಆಗಬೇಕು. ಆಗಲಿ, ನನಗೆ ಬೇಜಾರಿಲ್ಲ, ತಂಗಿಗೆ ಇಷ್ಟ. ಆದರೆ ನಾವು ಚಿನ್ನದ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ಹೋಗಿದ್ದೆವು. ಅಲ್ಲೇ ತಪ್ಪಿದ್ದು.

ಕ್ಯಾರೆಟ್ ಅನ್ನೋ ಮಾತನ್ನೇ ತಗೊಳ್ಳಿ. ಚಿನ್ನದಲ್ಲಿ 22 ಕ್ಯಾರೆಟ್ ಅಂದರೆ ಎಷ್ಟು ಶುದ್ಧ ಅಂತ. ವಜ್ರದಲ್ಲಿ ಕ್ಯಾರೆಟ್ ಅಂದರೆ ಬರೀ ತೂಕ. ಒಂದು ಕ್ಯಾರೆಟ್ 200 ಮಿಲಿಗ್ರಾಂ, ಅದರ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ನಮ್ಮಪ್ಪ ಅಂಗಡಿಯಲ್ಲಿ ಕೂತು, 'ಜಾಸ್ತಿ ಕ್ಯಾರೆಟ್‌ದೇ ತೋರಿಸಿ, ಕ್ವಾಲಿಟಿ ಚೆನ್ನಾಗಿರಲಿ' ಅಂದರು. ಅಂಗಡಿಯವರೂ ತಿದ್ದಲಿಲ್ಲ.

ಎರಡು ಉಂಗುರ ಮುಂದಿಟ್ಟರು. ಒಂದು 30 ಸೆಂಟ್, ಇನ್ನೊಂದು 36. ಮೇಲೆ ಸಾಲಾಗಿ ಹಾಕಿದ ಬಿಳಿ ದೀಪದ ಕೆಳಗೆ ಎರಡೂ ಮಿಂಚುತ್ತಿದ್ದವು. ಆ ದೀಪದಡಿ ಗಾಜಿನ ಚೂರೂ ಮಿಂಚುತ್ತೆ. ನಾನು ಕೇಳಿಕೊಂಡು ಬಾಗಿಲ ಹತ್ತಿರ ಬೆಳಕಿಗೆ ತಂದೆ. ಬೆರಳಲ್ಲಿಟ್ಟು ನೋಡಿದರೆ ಎರಡರ ಅಗಲವೂ ಹೆಚ್ಚುಕಡಿಮೆ ಒಂದೇ. ಜಾಸ್ತಿ ತೂಕದ್ದರ ನಡುವೆ ಮಾತ್ರ ಕಪ್ಪಗೆ ಒಂದು ಚುಕ್ಕೆ, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ತೂಕ ಕಮ್ಮಿ ಇದ್ದದ್ದು ಅಂಚಿನವರೆಗೂ ಬೆಳಕು ಚೆಲ್ಲುತ್ತಿತ್ತು.

ಇದೆಲ್ಲ ಕಟಿಂಗ್ ಮಹಿಮೆ. ದುಂಡು ವಜ್ರಕ್ಕೆ ಸಾಮಾನ್ಯವಾಗಿ 57 ಮುಖ ಕೊರೆಯುತ್ತಾರೆ. ಮೇಲಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ತಿರುಗಿ ಕಣ್ಣಿಗೆ ಬರಬೇಕು. ತಳ ತೀರಾ ಆಳವಾದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ, ನಡುವೆ ಕತ್ತಲೆ ಕೂರುತ್ತದೆ. ಯಾಕೆ ಆಳ ಬಿಡುತ್ತಾರೆ? ಒರಟು ಕಲ್ಲನ್ನು ದುಂಡಗೆ ಕೊರೆದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ತೂಕ ಪುಡಿಯಾಗಿ ಹೋಗುತ್ತದೆ. ಮಾರೋದು ತೂಕದ ಲೆಕ್ಕದಲ್ಲಿ. ಹಾಗಾಗಿ ತಳದಲ್ಲಿ ತೂಕ ಉಳಿಸಿಕೊಳ್ಳುತ್ತಾರೆ. ಚೆನ್ನಾಗಿ ಕೊರೆದ 30 ಸೆಂಟಿನ ದುಂಡು ಹರಳು ಸುಮಾರು 4.3 ಮಿಲಿಮೀಟರ್ ಅಗಲ ಬರುತ್ತದೆ. ನಮ್ಮ ಕೈಲಿದ್ದ 36 ಸೆಂಟಿನದ್ದೂ ಅಷ್ಟೇ ಇತ್ತು. ಉಳಿದ ಆರು ಸೆಂಟ್ ಯಾರ ಕಣ್ಣಿಗೂ ಬೀಳದ ತಳದಲ್ಲಿ ಕೂತಿತ್ತು. ಅದಕ್ಕೂ ನಾವು ದುಡ್ಡು ಕೊಡಬೇಕಿತ್ತು!

ಅಂಗಡಿಯಲ್ಲಿ ಕೇಳುವ ಮಾತು ಬೇರೆ. 'ಇಎಫ್, ವಿವಿಎಸ್ ಸರ್, ಟಾಪ್ ಕ್ವಾಲಿಟಿ.' ಇ, ಎಫ್ ಅನ್ನೋದು ಬಣ್ಣ. ಡಿ ಅಂದರೆ ಬಣ್ಣವೇ ಇಲ್ಲದ್ದು, ಅಲ್ಲಿಂದ ಜೆಡ್‌ವರೆಗೆ ಹೋದಂತೆ ಹಳದಿ ಏರುತ್ತದೆ. ವಿವಿಎಸ್ ಅಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲೂ ಕಷ್ಟಪಟ್ಟು ಹುಡುಕಬೇಕಾದಷ್ಟು ಸಣ್ಣ ಚುಕ್ಕೆಗಳು. ಎರಡೂ ನಿಜ. ಆದರೆ ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಎಚ್ ಬಣ್ಣದ ಹರಳೂ ಬೆಳ್ಳಗೇ ಕಾಣುತ್ತದೆ. ವಿವಿಎಸ್‌ಗಿಂತ ಕೆಳಗಿನ ವಿಎಸ್ ಹರಳಿನ ಚುಕ್ಕೆಯೂ ಬರಿಗಣ್ಣಿಗೆ ಕಾಣಲ್ಲ. ಅಲ್ಲಿ ಉಳಿಸಿ, ಕಟಿಂಗ್‌ಗೆ ಹಾಕಿ. ವಜ್ರದ ಜೊತೆ ಕೊಡುವ ಸರ್ಟಿಫಿಕೇಟಿನಲ್ಲಿ ಕಟ್ ಅನ್ನೋ ಸಾಲಿನ ಮುಂದೆ ಎಕ್ಸಲೆಂಟ್ ಅಂತ ಇದೆಯಾ ನೋಡಿ. ಅಂಗಡಿಯವರು ಆ ಸಾಲನ್ನು ತಾವಾಗಿ ಓದಿ ಹೇಳಿದ್ದನ್ನು ನಾನಂತೂ ಕಾಣೆ.

ಇನ್ನೊಂದು ವಿಷಯ ನನಗೆ ನಿಜವಾಗಲೂ ನೋವು ಕೊಟ್ಟಿದ್ದು. ಕಷ್ಟಕಾಲಕ್ಕೆ ಆಗುತ್ತೆ ಅಂತ ನಮ್ಮ ಕಡೆ ಒಡವೆ ಮಾಡಿಸುತ್ತೇವೆ, ಅಲ್ವಾ? ಚಿಕ್ಕಮ್ಮ ಮಗನ ಕಾಲೇಜು ಫೀಸಿಗೆ ವಜ್ರದ ಓಲೆ ತಗೊಂಡು ಹೋದರು, ತಂದ ಅಂಗಡಿಗೇ. ಚಿನ್ನಕ್ಕೆ ಅವತ್ತಿನ ರೇಟು ಕೊಡುತ್ತೇವೆ ಅಂದರು. ಕಲ್ಲಿಗೆ ಹೇಳಿದ ಬೆಲೆ ಕೇಳಿ ಚಿಕ್ಕಮ್ಮ ಮಾತಾಡದೆ ಓಲೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮನೆಗೆ ಬಂದರು. ಬ್ಯಾಂಕಿನಲ್ಲಿ ಅಡವಿಟ್ಟರೂ ಅಷ್ಟೇ, ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಸಾಲ. ಚಿನ್ನವನ್ನು ಕರಗಿಸಬಹುದು, ವಜ್ರವನ್ನು ಏನು ಮಾಡೋದು? 'ವಜ್ರ ಶಾಶ್ವತ' ಅನ್ನೋದು ಡಿ ಬಿಯರ್ಸ್ ಅನ್ನೋ ವಜ್ರದ ಕಂಪನಿಗಾಗಿ 1947ರಲ್ಲಿ ಒಬ್ಬ ಜಾಹೀರಾತು ಬರಹಗಾರ್ತಿ ಬರೆದ ಸಾಲು. ಬೆಲೆ ಶಾಶ್ವತ ಅಂತ ಆಕೆಯೂ ಬರೆದಿರಲಿಲ್ಲ. ಹಾಗಾಗಿ ಸಾಲ ಮಾಡಿ ವಜ್ರ ತರಬೇಡಿ. ಉಳಿತಾಯ ಅಂತ ಅಂದುಕೊಂಡೂ ತರಬೇಡಿ.

ಲ್ಯಾಬ್ ವಜ್ರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಅಮೆರಿಕನ್ ಡೈಮಂಡ್ ಅಲ್ಲ. ಅಮೆರಿಕನ್ ಡೈಮಂಡ್ ಬೇರೆಯೇ ಕಲ್ಲು. ಇದು ಅದೇ ಇಂಗಾಲ, ಅದೇ ಗಟ್ಟಿತನ, ಭೂಮಿಯ ಬದಲು ಯಂತ್ರದಲ್ಲಿ ಬೆಳೆದದ್ದು. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. 2023ರಲ್ಲಿ ಪ್ರಧಾನಿ ಮೋದಿಯವರು ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟದ್ದು 7.5 ಕ್ಯಾರೆಟಿನ ಲ್ಯಾಬ್ ವಜ್ರ. ಬೆಲೆ ಗಣಿ ವಜ್ರಕ್ಕಿಂತ ತುಂಬಾ ಕಮ್ಮಿ, ಇತ್ತೀಚೆಗೆ ಇನ್ನೂ ಇಳಿದಿದೆ. ಮಾರಲು ಹೋದರೆ ಸಿಗೋದೂ ಕಮ್ಮಿಯೇ. ಆದರೆ ಹಾಕಿದ್ದೇ ಕಮ್ಮಿ ಆದ್ದರಿಂದ ನನಗೆ ಇದೇ ಸರಿ ಅನಿಸುತ್ತದೆ. ಒಂದೇ ಒಂದು ಮಾತು: ಬೀಗರಿಗೆ ಮೊದಲೇ ಹೇಳಿಬಿಡಿ. ನಾವು ಹೇಳಿದೆವು. ತಂಗಿಯ ಅತ್ತೆ ಆಗುವವರು, 'ಹುಡುಗಿಗೆ ಒಪ್ಪಿಗೆ ಆದರೆ ಸಾಕಮ್ಮ' ಅಂದರು.

ಬಿಲ್ ಬರೆಸುವಾಗ ಎರಡು ತೂಕ ಬೇರೆ ಬೇರೆ ಬರೆಸಿ, ಕಲ್ಲಿನ ತೂಕಕ್ಕೆ ಚಿನ್ನದ ರೇಟು ಬೀಳದಿರಲಿ. ಚಿನ್ನಕ್ಕೆ ಹಾಲ್‌ಮಾರ್ಕ್ ಇರಲಿ. 18 ಕ್ಯಾರೆಟ್ ಅಂದರೆ ಗಾಬರಿ ಬೇಡ, ಹರಳು ಹಿಡಿಯುವ ಕೊಕ್ಕೆ ಗಟ್ಟಿ ಇರಲಿ ಅಂತ ಹಾಗೆ ಮಾಡುತ್ತಾರೆ. ಲ್ಯಾಬ್ ವಜ್ರವಾದರೆ ಅದನ್ನೂ ಬಿಲ್ಲಿನಲ್ಲೇ ಬರೆಸಿ.

ಮತ್ತೆ ಅಂಗಡಿಗೆ ಸಂಜೆ ಹೋಗಬೇಡಿ. ಬೆಳಿಗ್ಗೆ 11 ಗಂಟೆಗೆ ಹೋಗಿ, ಬಾಗಿಲ ಹತ್ತಿರ ತಂದು ನೋಡಿ. ಕೇಳಲು ಸಂಕೋಚ ಬೇಡ. ನಾವು ಕೇಳಿದಾಗ ಅಂಗಡಿಯ ಹುಡುಗನೇ ತಟ್ಟೆ ಹಿಡಿದು ಜೊತೆಗೆ ಬಂದ.