ಟಾಗೋರರು ಕಾರವಾರಕ್ಕೆ ಬಂದದ್ದು ಯಾವ ವರ್ಷ?

ನಮಸ್ಕಾರ. ಇಲ್ಲಿ ಕೂತವರೆಲ್ಲ ಡಿಗ್ರಿ ಮೊದಲ ವರ್ಷಕ್ಕೆ ಪಾಠ ಮಾಡುವವರೇ. ಹಾಗಾಗಿ ನಾನು ಎಡವಿದ್ದನ್ನೇ ಮೊದಲು ಹೇಳಿಬಿಡುತ್ತೇನೆ.

ನೆಟ್ಟಿನಲ್ಲಿ ಹುಡುಕುವುದನ್ನು ಮೊದಲ ಸಲ ಕಲಿಸಿದಾಗ, ಹುಡುಕುವಾಗ ಪದದ ಜೊತೆ ಹಾಕೋ ಚಿಹ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ್ದೆ. ಮಕ್ಕಳು ಬಾಯಿಪಾಠ ಮಾಡಿದರು, ಇಂಟರ್ನಲ್ಸ್‌ನಲ್ಲಿ ಬರೆದರು. ಮಾರನೇ ದಿನ ಮತ್ತೆ ಒಂದೇ ಪದ ಹಾಕಿ, ಮೇಲೆ ಬಂದದ್ದನ್ನೇ ನಕಲು ಮಾಡಿ ತಂದರು. ರಂಪಣಿ ಬಲೆ ಎಳೆದ ಹಾಗೆ, ಸಿಕ್ಕಿದ್ದೆಲ್ಲ ದಡಕ್ಕೆ!

ಈಗ ಕ್ಲಾಸಿನಲ್ಲಿ ಜಗಳ ಹಚ್ಚುತ್ತೇನೆ. ನಮ್ಮ ಕಾರವಾರದ ಟಾಗೋರ್ ಬೀಚು ಎಲ್ಲರಿಗೂ ಗೊತ್ತು. ಅವರು ಇಲ್ಲಿಗೆ ಬಂದದ್ದು ಯಾವಾಗ? ಅರ್ಧ ಕ್ಲಾಸು 1882 ಅನ್ನುತ್ತದೆ, ಉಳಿದರ್ಧ 1883. ಎರಡೂ ಮೊಬೈಲಿನಲ್ಲಿ ಸಿಕ್ಕಿದ್ದೇ. ಆಗ ಅವರಿಗೆ ಸಿಕ್ಕಿದ ಪುಟದ ಒಂದು ವಾಕ್ಯವನ್ನು ಇಡಿಯಾಗಿ ಎತ್ತಿ, ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿ ಹುಡುಕಿಸುತ್ತೇನೆ. ಒಂದಕ್ಷರ ಬದಲಾಗದೆ ಅದೇ ವಾಕ್ಯ ಹತ್ತು ಕಡೆ ಸಿಕ್ಕಿದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ, ಅಲ್ವಾ? ಅಲ್ಲಿಂದ ಟಾಗೋರರ ಆತ್ಮಕಥೆಗೆ ಹೋಗುತ್ತೇವೆ. ಅದರಲ್ಲಿ ಕಾರವಾರದ್ದೇ ಒಂದು ಅಧ್ಯಾಯವಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಇಲ್ಲಿಂದ ವಾಪಸ್ ಹೋದ ಸ್ವಲ್ಪ ದಿನಕ್ಕೇ ತಮ್ಮ ಮದುವೆ ಆಯಿತು ಅಂತ ಬರೆಯುತ್ತಾರೆ. ಮದುವೆ ಆದದ್ದು 1883ರ ಡಿಸೆಂಬರಿನಲ್ಲಿ. 1883ರವರ ಕೈ ಮೇಲಾಯಿತು. ಎಐ ಹೇಳಿದ ಉತ್ತರಕ್ಕೂ ಇದೇ ಪರೀಕ್ಷೆ, ಬೇರೆ ಪಾಠ ಬೇಕಿಲ್ಲ.

ಆದರೆ ಮಕ್ಕಳಿಗೆ ನಿಜವಾಗಿ ಕಷ್ಟವಾಗುವುದು ಪದದ ಆಯ್ಕೆ. ಅವರು ನಮ್ಮನ್ನು ಕೇಳಿದ ಹಾಗೇ ಗೂಗಲ್‌ನ್ನೂ ಕೇಳುತ್ತಾರೆ. ಉತ್ತರ ಬರೆದಿಟ್ಟವನು ಯಾವ ಪದ ಬಳಸಿದ್ದಾನು ಅಂತ ಊಹಿಸಬೇಕು, ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಒಬ್ಬ ಹುಡುಗಿ ಉತ್ತರ ಕನ್ನಡದ ಹಳೇ ಉಪ್ಪಿನ ವ್ಯಾಪಾರದ ಬಗ್ಗೆ ಇಂಗ್ಲಿಷಿನಲ್ಲಿ ಹುಡುಕುತ್ತಿದ್ದಳು. ಬರೀ ರೆಸಾರ್ಟು, ಹೋಟೆಲು. ಆ ಪದ ಇರೋ ಪುಟ ಬರದ ಹಾಗೆ, ರೆಸಾರ್ಟ್ ಅನ್ನೋ ಪದಕ್ಕೆ ಮೊದಲು, ಜಾಗ ಬಿಡದೆ ಮೈನಸ್ ಹಾಕಿಸಿದೆ, ಸ್ವಲ್ಪ ಕಸ ಹೋಯಿತು ಅಷ್ಟೇ. ಆಮೇಲೆ ಕೇಳಿದೆ, "ಬ್ರಿಟಿಷರು ನಮ್ಮ ಜಿಲ್ಲೆಯನ್ನ ಏನಂತ ಕರೀತಿದ್ರು?" "ನಾರ್ತ್ ಕೆನರಾ, ಸರ್." "ಯಾವ ಪ್ರಾಂತ್ಯ?" ಅವಳು ಮದ್ರಾಸ್ ಅಂದಳು. 1862ಕ್ಕಿಂತ ಮೊದಲಾದರೆ ಸರಿ, ಆಮೇಲೆ ಜಿಲ್ಲೆ ಬಾಂಬೆಗೆ ಸೇರಿತ್ತು. ಕೆನರಾ, ಬಾಂಬೆ, ಗೆಜೆಟಿಯರ್, ಮೂರೇ ಪದ ಹಾಕಿದಳು. ಬ್ರಿಟಿಷರು ಜಿಲ್ಲೆಗಳ ವಿವರ ಬರೆದಿಟ್ಟ ಪುಸ್ತಕಮಾಲೆ, ಬಾಂಬೆ ಗೆಜೆಟಿಯರಿನ 15ನೇ ಸಂಪುಟ ಬಂತು. ಅಚ್ಚಾದದ್ದು 1883ರಲ್ಲಿ, ಟಾಗೋರರ ಅದೇ ವರ್ಷ!

ಪಿಡಿಎಫ್ ತೆರೆದು, ಅದರೊಳಗೆ ಪದ ಹುಡುಕೋಕೆ ಕಂಟ್ರೋಲ್ ಎಫ್ ಒತ್ತಿ, ಇಂಗ್ಲಿಷಿನಲ್ಲಿ ಕಾರವಾರ ಅಂತ ಹಾಕಿದಳು. ಏನೂ ಸಿಗಲಿಲ್ಲ. ಆ ಪುಸ್ತಕದಲ್ಲಿ ಊರಿನ ಹೆಸರಿನ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು ಹಾಕಿದ್ದಾರೆ, ಸ್ಕ್ಯಾನ್ ಮಾಡಿದ ಯಂತ್ರ ಅದನ್ನು ಏನೇನೋ ಓದಿಕೊಂಡಿದೆ. ಅವಳು ಸುಮ್ನೆ ನನ್ನ ಮುಖ ನೋಡಿದಳು. ಆಮೇಲೆ ತಾನೇ ಮೊದಲ ಪುಟಗಳಿಗೆ ಹೋಗಿ, ಪರಿವಿಡಿ ಹುಡುಕಿ, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು.