ಬೇಕಂತ ಬಿಟ್ಟವರು, ಬೇಕಂತ ಹಿಡಿದವರು: 2016ರ ಎನ್‌ಬಿಎ ಫೈನಲ್ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಸರಣಿಗಳಲ್ಲಿ, ತಂಡ ಹೇಗೆ ಆಡಿತು, ಆಟಗಾರ ಹೇಗೆ ಆಡಿದ ಅಂತ ಅಳೆಯೋದು ಹೇಗೆ ಅನ್ನೋದು ಇವತ್ತಿನ ವಿಷಯ. ಹತ್ತು ಸರಣಿಗಳನ್ನು ಮೇಲಿಂದ ಮೇಲೆ ಮುಟ್ಟಿ ಹೋಗುವ ಬದಲು ಒಂದನ್ನೇ ಹಿಡಿದು ಕೂರೋಣ ಅಂತ ಬಂದಿದ್ದೇನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2016ರ ಫೈನಲ್, ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಎದುರು ಗೋಲ್ಡನ್ ಸ್ಟೇಟ್ ವಾರಿಯರ್ಸ್. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್. ಏಳನೇ ಪಂದ್ಯ ನಮ್ಮಲ್ಲಿ ಸೋಮವಾರ ಬೆಳಗ್ಗೆ ಐದೂವರೆಗೆ ಶುರುವಾಗಿತ್ತು. ಆಫೀಸಿಗೆ ತಡವಾಗಿ ಹೋದವರು ಈ ಸಭೆಯಲ್ಲೂ ಇರಬಹುದು, ಕೈ ಎತ್ತಬೇಕಾಗಿಲ್ಲ.

ಆ ವರ್ಷ ವಾರಿಯರ್ಸ್ ಲೀಗ್ ಹಂತದ 82 ಪಂದ್ಯಗಳಲ್ಲಿ 73 ಗೆದ್ದಿದ್ದರು. ಶಿಕಾಗೊ ಬುಲ್ಸ್ 1995-96ರಲ್ಲಿ ಮಾಡಿದ್ದ 72 ಗೆಲುವಿನ ದಾಖಲೆ ಅಳಿಸಿಹೋಯಿತು. ವಾರಿಯರ್ಸ್‌ನ ಸ್ಟೆಫ್ ಕರ್ರಿ ಪಂದ್ಯಕ್ಕೆ ಸರಾಸರಿ 30.1 ಅಂಕ, ಒಟ್ಟು 402 ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಅಂಕದ ಬುಟ್ಟಿ). ಒಂದೇ ಒಂದು ಮತವೂ ಬೇರೆಯವರಿಗೆ ಹೋಗದೆ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ ಮೊದಲ ಆಟಗಾರ. ಫೈನಲ್‌ನಲ್ಲೂ ವಾರಿಯರ್ಸ್ 3-1 ಮುಂದಿದ್ದರು. ಅಲ್ಲಿಯವರೆಗೆ ಫೈನಲ್‌ನಲ್ಲಿ 3-1 ಮುಂದಿದ್ದ 32 ತಂಡಗಳೂ ಗೆದ್ದೇ ಹೊರಬಂದಿದ್ದವು. ವಾರಿಯರ್ಸ್ ಸೋತರು.

ಈಗ ಒಂದು ಲೆಕ್ಕ ನೋಡಿ. ಆರು ಪಂದ್ಯ ಮುಗಿದಾಗ ಎರಡೂ ತಂಡಗಳ ಒಟ್ಟು ಅಂಕ ಕೂಡಿದರೆ 610 ಮತ್ತು 610. ಸರಿಸಮ. ಇಷ್ಟನ್ನೇ ನೋಡಿದವರು ‘ಅಬ್ಬಾ, ಎಂಥ ಜಿದ್ದಾಜಿದ್ದಿ’ ಅಂದುಕೊಳ್ಳುತ್ತಾರೆ. ಆದರೆ ಗೆಲುವಿನ ಅಂತರಗಳನ್ನು ಸಾಲಾಗಿ ಓದಿ: 15, 33, 30, 11, 15, 14. ಒಂದು ಪಂದ್ಯವೂ ಕೊನೆಯ ನಿಮಿಷದವರೆಗೆ ಬರಲಿಲ್ಲ. ಒಂದು ದಿನ ಇವರು ಅವರನ್ನು ಚಚ್ಚಿದರು, ಇನ್ನೊಂದು ದಿನ ಅವರು ಇವರನ್ನು. ಸರಣಿಯ ಮೊತ್ತ, ಸರಾಸರಿ ಅಂತ ಟಿವಿಯಲ್ಲಿ ಅಂಕಿಗಳು ಓಡುವಾಗ ನನಗೆ ಅನುಮಾನ ಬರೋದು ಇದಕ್ಕೇ.

ಲೀಗ್ ಹಂತದಲ್ಲಿ ಇವತ್ತು ಒಂದು ಊರು, ನಾಳೆ ಇನ್ನೊಂದು ಊರು. ಎದುರಾಳಿಯ ಬಗ್ಗೆ ಕೂತು ತಲೆಕೆಡಿಸಿಕೊಳ್ಳಲು ಪುರುಸೊತ್ತಿರೋದಿಲ್ಲ. ಪ್ಲೇಆಫ್‌ನಲ್ಲಿ ಎರಡು ವಾರ ಅದೇ ಹತ್ತು ಹದಿನೈದು ಮುಖಗಳು. ಯಾರಿಗೆ ಎಡಗೈ ಬರೋದಿಲ್ಲ, ಯಾರು ಮೂಲೆಯಿಂದ ಎಸೆಯಲು ಹಿಂಜರಿಯುತ್ತಾನೆ, ಯಾರ ಕಾಲು ನಿಧಾನ, ಎಲ್ಲವೂ ಬಯಲಾಗುತ್ತದೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಮೊದಲ ಎರಡು ರೈಡ್‌ನಲ್ಲಿ ಅಂಕಕ್ಕಿಂತ ಹೆಚ್ಚಾಗಿ ಯಾವ ಮೂಲೆಯವನು ತಡಬಡಾಯಿಸುತ್ತಾನೆ ಅಂತ ಅಳೆಯುತ್ತಾನಲ್ಲ, ಹಾಗೆ. ಹಾಗಾಗಿ ಪ್ಲೇಆಫ್ ಪಂದ್ಯ ಮುಗಿದ ಮೇಲೆ ಯಾರು ಎಷ್ಟು ಹೊಡೆದ ಅಂತ ನೋಡೋದಕ್ಕೆ ಮುಂಚೆ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎದುರಾಳಿ ಯಾರನ್ನು ಬೇಕಂತಲೇ ಬಿಟ್ಟ? ಯಾರನ್ನು ಬೇಕಂತಲೇ ಹುಡುಕಿ ಹಿಡಿದ?

ಬಿಟ್ಟವರ ಕಥೆ ಮೊದಲು. ವಾರಿಯರ್ಸ್‌ನ ಕರ್ರಿ ಮತ್ತು ಕ್ಲೇ ಥಾಂಪ್ಸನ್‌ಗೆ ಒಂದಿಂಚು ಜಾಗ ಕೊಡಬಾರದು ಅಂತಾದರೆ ಬೇರೆ ಯಾರಿಗಾದರೂ ಕೊಡಲೇಬೇಕು. ಕ್ಲೀವ್‌ಲ್ಯಾಂಡ್ ಆರಿಸಿಕೊಂಡಿದ್ದು ಹ್ಯಾರಿಸನ್ ಬಾರ್ನ್ಸ್‌ನನ್ನು. ಎಸೆಯಪ್ಪ, ಎಸಿ ಅಂತ ಅವನನ್ನು ಬಿಟ್ಟುಬಿಟ್ಟರು. ಕೊನೆಯ ಮೂರು ಪಂದ್ಯಗಳಲ್ಲಿ ಬಾರ್ನ್ಸ್ 32 ಬಾರಿ ಎಸೆದ, 5 ಬುಟ್ಟಿಗೆ ಬಿದ್ದವು. ಆರನೇ ಪಂದ್ಯದಲ್ಲಿ ಎಂಟಕ್ಕೆ ಸೊನ್ನೆ. ಅವನೇನು ಕಳಪೆ ಆಟಗಾರನಲ್ಲ, ಆ ತಂಡದ ಖಾಯಂ ಸ್ಟಾರ್ಟರ್.

ಆದರೆ ಇದೇ ತಂತ್ರ ತಿರುಗುಬಾಣವೂ ಆಯಿತು. ಏಳನೇ ಪಂದ್ಯದಲ್ಲಿ ಡ್ರೇಮಂಡ್ ಗ್ರೀನ್‌ನನ್ನೂ ದೂರದಲ್ಲಿ ಬಿಟ್ಟರು. ಅವನು ಎಂಟು ತ್ರೀಗಳಲ್ಲಿ ಆರನ್ನು ಹೊಡೆದ! 32 ಅಂಕ, 15 ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿದದ್ದು), 9 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್). ಅವನ ತಂಡ ಗೆದ್ದಿದ್ದರೆ ಇವತ್ತಿಗೂ ಆ ಆಟದ ಪಟ ಆಗ ವಾರಿಯರ್ಸ್ ಊರಾಗಿದ್ದ ಓಕ್ಲೆಂಡಿನ ಗೋಡೆಗಳ ಮೇಲೆ ಇರುತ್ತಿತ್ತು. ಕ್ಲೀವ್‌ಲ್ಯಾಂಡ್ ಕೋಚ್ ಟೈರನ್ ಲೂ ಮಾಡಿದ್ದು ಸರಿಯೋ ತಪ್ಪೋ? ನನ್ನ ಪ್ರಕಾರ ಸರಿ. ಬಾರ್ನ್ಸ್‌ನನ್ನು ಬಿಟ್ಟಿದ್ದು ಫಲಿಸಿತು, ಗ್ರೀನ್‌ನನ್ನು ಬಿಟ್ಟಿದ್ದು ಫಲಿಸಲಿಲ್ಲ. ಎರಡರ ಹಿಂದಿನ ಲೆಕ್ಕಾಚಾರ ಒಂದೇ. ಏಳೇ ಪಂದ್ಯಗಳ ಸರಣಿಯಲ್ಲಿ ಅದೃಷ್ಟಕ್ಕೂ ಒಂದು ಕುರ್ಚಿ ಹಾಕಲೇಬೇಕಾಗುತ್ತದೆ.

ಗ್ರೀನ್ ವಿಷಯ ಬಂದಿದ್ದರಿಂದ ಐದನೇ ಪಂದ್ಯದ ಮಾತು ಹೇಳಿಬಿಡುತ್ತೇನೆ. ಫ್ಲಾಗ್ರಂಟ್, ಅಂದರೆ ಅತಿ ಒರಟು ಫೌಲ್‌ಗಳ ಲೆಕ್ಕ ಮಿತಿ ಮುಟ್ಟಿ ಗ್ರೀನ್ ಆ ಒಂದು ಪಂದ್ಯಕ್ಕೆ ಅಮಾನತಾದ. ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ 41 ಅಂಕ, ಕೈರಿ ಅರ್ವಿಂಗ್ 41. ಫೈನಲ್ ಪಂದ್ಯವೊಂದರಲ್ಲಿ ಒಂದೇ ತಂಡದ ಇಬ್ಬರು ನಲವತ್ತು ದಾಟಿದ್ದು ಅದೇ ಮೊದಲು. ಗ್ರೀನ್ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅದೇ ಪಂದ್ಯದಲ್ಲಿ ವಾರಿಯರ್ಸ್‌ನ ಆಂಡ್ರ್ಯೂ ಬೋಗಟ್‌ನ ಮೊಣಕಾಲಿಗೆ ಪೆಟ್ಟಾಗಿ ಅವನ ಸರಣಿ ಅಲ್ಲಿಗೇ ಮುಗಿಯಿತು. ಜನ ಅದನ್ನು ಅಷ್ಟಾಗಿ ನೆನೆಯೋದಿಲ್ಲ, ನೆನೆಯಬೇಕು. ಯಾಕೆಂದರೆ ಬುಟ್ಟಿಯ ಕೆಳಗೆ ನಿಲ್ಲುವ ದೊಡ್ಡ ಆಳಿನ ಜಾಗಕ್ಕೆ ಏಳನೇ ಪಂದ್ಯದಲ್ಲಿ ಬಂದವನು ಫೆಸ್ಟಸ್ ಎಝೀಲಿ.

ಈಗ ಹಿಡಿದವರ ಕಥೆ. ಏಳನೇ ಪಂದ್ಯದ ನಾಲ್ಕನೇ, ಅಂದರೆ ಕೊನೆಯ ಕ್ವಾರ್ಟರ್, ವಾರಿಯರ್ಸ್ 87-83 ಮುಂದಿದ್ದಾರೆ. ಸ್ಕ್ರೀನ್ ಹಾಕಿಸಿ (ಕಾಯುವವನ ದಾರಿಗೆ ಜೊತೆಗಾರನನ್ನು ಅಡ್ಡ ನಿಲ್ಲಿಸಿ) ಸ್ವಿಚ್ ಮಾಡಿಸಿ (ಕಾಯುವವರು ಅದಲುಬದಲಾಗುವಂತೆ ಮಾಡಿ) ಲೆಬ್ರಾನ್ ತನ್ನೆದುರು ಎಝೀಲಿ ಬರುವಂತೆ ಮಾಡಿಕೊಂಡ. ದೂರದಿಂದ ಎಸೆಯುವಂತೆ ನಟಿಸಿದ, ಎಝೀಲಿ ಹಾರಿದ, ಫೌಲ್. ಮೂರು ಫ್ರೀ ಥ್ರೋ (ಯಾರೂ ತಡೆಯದ, ಒಂದೊಂದು ಅಂಕದ ಎಸೆತ), ಮೂರೂ ಒಳಗೆ. ಮತ್ತೆ ಅದೇ ಎಝೀಲಿ ಎದುರು, ಈ ಸಲ ನಿಜವಾಗಿಯೇ ಎಸೆದ, ತ್ರೀ. ಆರು ಅಂಕ, 89-87. ಅಂದು ಲೆಬ್ರಾನ್ 24 ಎಸೆತಗಳಲ್ಲಿ 9 ಮಾತ್ರ ಹೊಡೆದಿದ್ದ. ಆ ಅಂಕಿಯನ್ನು ಮಾತ್ರ ನೋಡಿ ‘ಸಾಧಾರಣ ದಿನ’ ಅಂದುಬಿಟ್ಟರೆ ಈ ಆರು ಅಂಕಗಳ ಹಿಂದಿನ ಬೇಟೆ ಕಾಣೋದೇ ಇಲ್ಲ.

ಕ್ಲೇ ಥಾಂಪ್ಸನ್ 89-89 ಮಾಡಿದ. ಗಡಿಯಾರದಲ್ಲಿ 4 ನಿಮಿಷ 39 ಸೆಕೆಂಡ್ ಉಳಿದಿತ್ತು. ಅಲ್ಲಿಂದ ಕೊನೆಯವರೆಗೆ ವಾರಿಯರ್ಸ್ ಒಂದು ಅಂಕವನ್ನೂ ಗಳಿಸಲಿಲ್ಲ.

ವಾರಿಯರ್ಸ್‌ನ ಆಂಡ್ರೆ ಇಗ್ವೊಡಾಲನ ಲೇಅಪ್ಪನ್ನು (ಬುಟ್ಟಿಯ ಹತ್ತಿರ ಹಾರಿ ಹಾಕುವ ಎಸೆತ) ಲೆಬ್ರಾನ್ ಹಿಂದಿನಿಂದ ಓಡಿಬಂದು ಹಲಗೆಗೆ ಒತ್ತಿದ ಆ ಬ್ಲಾಕ್ ಎಲ್ಲರೂ ನೋಡಿದ್ದೇ. ಆದರೆ ಆ ವಿಡಿಯೊವನ್ನು ನಿಧಾನಕ್ಕೆ ಓಡಿಸಿ ಕ್ಲೀವ್‌ಲ್ಯಾಂಡ್‌ನ ಜೆ.ಆರ್. ಸ್ಮಿತ್ ಕಡೆ ನೋಡಿ. ಅವನು ಕೈ ಚಾಚಿ ಅಡ್ಡ ಬಂದಿದ್ದರಿಂದ ಇಗ್ವೊಡಾಲ ಗಾಳಿಯಲ್ಲೇ ಚೆಂಡನ್ನು ಕೆಳಗಿಳಿಸಿ ಮತ್ತೆ ಎತ್ತಬೇಕಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಲೆಬ್ರಾನ್ ತಲುಪಿದ್ದು ಅಷ್ಟರಲ್ಲೇ. ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಪಟ್ಟಿ) ಸ್ಮಿತ್ ಹೆಸರಿನ ಮುಂದೆ ಇದಕ್ಕೊಂದು ಗೆರೆಯೂ ಇಲ್ಲ.

ಮುಂದಿನ ನಿರ್ಣಾಯಕ ಕ್ಷಣದಲ್ಲೂ ಅದೇ ಸ್ಮಿತ್. ಅರ್ವಿಂಗ್‌ನನ್ನು ಕಾಯುತ್ತಿದ್ದವನು ಥಾಂಪ್ಸನ್, ಸ್ಮಿತ್‌ನನ್ನು ಕಾಯುತ್ತಿದ್ದವನು ಕರ್ರಿ. ಸ್ಮಿತ್ ಬಂದು ಸ್ಕ್ರೀನ್ ಹಾಕಿದ, ವಾರಿಯರ್ಸ್ ಸ್ವಿಚ್ ಮಾಡಿದರು, ಅರ್ವಿಂಗ್ ಎದುರು ಕರ್ರಿ ಸಿಕ್ಕ. ಕ್ಲೀವ್‌ಲ್ಯಾಂಡ್ ಸರಣಿಯುದ್ದಕ್ಕೂ ಬಯಸಿದ್ದು ಇದನ್ನೇ. ಅರ್ವಿಂಗ್ ಚೆಂಡು ಕುಟ್ಟುತ್ತಾ ಬಲಕ್ಕೆ ಸರಿದು, ಹಿಂದಕ್ಕೊಂದು ಹೆಜ್ಜೆ ಇಟ್ಟು ಎಸೆದ. 53 ಸೆಕೆಂಡ್ ಉಳಿದಿದ್ದಾಗ 92-89.

ವಾರಿಯರ್ಸ್‌ಗೂ ಅವರದೇ ಬೇಟೆ ಇತ್ತು. ಕ್ಲೀವ್‌ಲ್ಯಾಂಡ್‌ನ ಕೆವಿನ್ ಲವ್, ಡಿಫೆನ್ಸ್‌ನಲ್ಲಿ ನಿಧಾನ ಅಂತ ಲೀಗಿಗೆಲ್ಲ ಗೊತ್ತಿದ್ದವನು. ಎರಡನೇ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೂರನೆಯದಕ್ಕೆ ಹೊರಗುಳಿದಿದ್ದ, ಐದನೆಯದರಲ್ಲಿ ಅವನ ಗಳಿಕೆ ಬರೀ 2 ಅಂಕ. ಕರ್ರಿ ಎದುರು ಅವನು ಒಬ್ಬನೇ ಸಿಕ್ಕಿಬಿದ್ದ. ಕರ್ರಿ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಕುಣಿದ. ಲವ್ ಮೊಣಕಾಲು ಬಗ್ಗಿಸಿ ಕೈ ಮೇಲೆತ್ತಿ ಬಿಡದೆ ನಿಂತ. ತ್ರೀ ತಪ್ಪಿತು. ಲೆಬ್ರಾನ್ ಒಂದು ಫ್ರೀ ಥ್ರೋ ಸೇರಿಸಿ 93-89. ಎರಡೂ ತಂಡಗಳು ಎದುರಾಳಿಯ ದುರ್ಬಲ ಡಿಫೆಂಡರನ್ನು ಹುಡುಕಿಕೊಂಡೇ ಹೋದವು. ಒಂದು ಕಡೆ ಬುಟ್ಟಿ ತುಂಬಿತು, ಇನ್ನೊಂದು ಕಡೆ ಇಲ್ಲ.

ಲವ್ ಆ ದಿನ ಗಳಿಸಿದ್ದು 9 ಅಂಕ, 14 ರೀಬೌಂಡ್. ಪ್ಲಸ್-ಮೈನಸ್ ಅಂತ ಒಂದು ಲೆಕ್ಕ ಇದೆ, ಆಟಗಾರ ಅಂಗಳದಲ್ಲಿದ್ದ ಹೊತ್ತಿನಲ್ಲಿ ತಂಡ ಎಷ್ಟು ಅಂಕ ಮುಂದಾಯಿತು ಅಥವಾ ಹಿಂದಾಯಿತು ಅನ್ನೋದು. ಲವ್‌ದು ಪ್ಲಸ್ 19. ತಂಡ ಗೆದ್ದಿದ್ದು 4 ಅಂಕದಿಂದ. ಅಂದರೆ ಅವನು ಬೆಂಚ್ ಮೇಲಿದ್ದಾಗ ಕ್ಲೀವ್‌ಲ್ಯಾಂಡ್ 15 ಅಂಕ ಕಳೆದುಕೊಂಡಿತ್ತು. ಒಂದು ಪಂದ್ಯದ ಪ್ಲಸ್-ಮೈನಸ್ ಮೇಲೆ ಮನೆ ಕಟ್ಟಬೇಡಿ ಅಂತ ನಾನೇ ಹೇಳುತ್ತಿರುತ್ತೇನೆ. ಇಲ್ಲಿ ಮಾತ್ರ ಕಣ್ಣಿಗೆ ಕಂಡಿದ್ದೂ ಅಂಕಿಯೂ ಒಂದೇ ಮಾತು ಹೇಳುತ್ತಿವೆ.

ಕರ್ರಿಗೆ ಅನ್ಯಾಯ ಆಗಬಾರದು. ಮೊದಲ ಸುತ್ತಿನಲ್ಲಿ ಹ್ಯೂಸ್ಟನ್ ಎದುರು ಜಾರಿ ಮೊಣಕಾಲು ಉಳುಕಿಸಿಕೊಂಡಿದ್ದ. ಫೈನಲ್‌ನಲ್ಲಿ ಸರಾಸರಿ 22.6, ಏಳನೇ ಪಂದ್ಯದಲ್ಲಿ 14 ತ್ರೀ ಎಸೆದು 4 ಹೊಡೆದ. ಇನ್ನೊಂದು ಕಡೆ ಲೆಬ್ರಾನ್ ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ ಐದರಲ್ಲೂ ಎರಡೂ ತಂಡಗಳ ಎಲ್ಲರಿಗಿಂತ ಮುಂದೆ. ಪ್ಲೇಆಫ್ ಸರಣಿಯಲ್ಲಿ ಅದನ್ನು ಅದಕ್ಕೂ ಮುಂಚೆ ಯಾರೂ ಮಾಡಿರಲಿಲ್ಲ. ಇಂಥ ಕಡೆ ವಿಶ್ಲೇಷಣೆ ಬಾಯಿಮುಚ್ಚಿ ಕೂರೋದೇ ಲೇಸು.

ಸೋತ ತಂಡ ತನ್ನ ಸೋಲನ್ನು ಹೇಗೆ ಓದಿಕೊಂಡಿತು ಅನ್ನೋದು ನನಗೆ ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ. 73 ಪಂದ್ಯ ಗೆದ್ದ ತಂಡ, ಹಾಗೇ ಬಿಟ್ಟಿದ್ದರೂ ಯಾರೂ ಬೈಯುತ್ತಿರಲಿಲ್ಲ. ಆ ಬೇಸಿಗೆಯಲ್ಲೇ ಬಾರ್ನ್ಸ್ ಡಲ್ಲಾಸ್‌ಗೆ ಹೋದ. ಅವನ ಜಾಗಕ್ಕೆ ಬಂದವನು ಎಲ್ಲಿಂದ ಬೇಕಾದರೂ ಬುಟ್ಟಿ ಹಾಕಬಲ್ಲ ಕೆವಿನ್ ಡ್ಯುರಾಂಟ್. ಮರುವರ್ಷ ಅದೇ ಎರಡು ತಂಡಗಳು ಮತ್ತೆ ಫೈನಲ್‌ಗೆ ಬಂದವು. ಯಾರನ್ನು ಬಿಡೋದು ಅನ್ನುವ ಪ್ರಶ್ನೆಗೆ ಕ್ಲೀವ್‌ಲ್ಯಾಂಡ್ ಹತ್ತಿರ ಉತ್ತರ ಇರಲಿಲ್ಲ. 4-1. ಇಡೀ ಪ್ಲೇಆಫ್‌ನಲ್ಲಿ ವಾರಿಯರ್ಸ್ 16 ಗೆದ್ದು ಒಂದೇ ಒಂದು ಸೋತರು.

ಈಗ ಕೊನೆಯ ಐದು ನಿಮಿಷದ ವಿಡಿಯೊ ಹಾಕೋಣ, ಪ್ರಶ್ನೆಗಳನ್ನು ನಡುನಡುವೆಯೇ ಕೇಳಿ.