ಕಾಗೆಗಳಿರುವ ಗೋಧಿ ಹೊಲ

ಕೇಳುಗರಿಗೆ ನಮಸ್ಕಾರ.

ವಿನ್ಸೆಂಟ್ ವ್ಯಾನ್ ಗೋ ಬರೆದ ಒಂದು ಚಿತ್ರವಿದೆ. ಹಳದಿ ಗೋಧಿ ಹೊಲ, ಮೇಲೆ ಕಡುನೀಲಿ ಆಕಾಶ, ನಡುವೆ ಕಾಗೆಗಳು. ಇದೇ ಅವನ ಕೊನೆಯ ಚಿತ್ರ, ಬುದ್ಧಿ ಕೈಕೊಟ್ಟಾಗ ಬರೆದದ್ದು, ಕಾಗೆಗಳೆಲ್ಲ ಸಾವಿನ ಸೂಚನೆ ಅಂತ ಬಹಳ ಜನ ನಂಬಿದ್ದಾರೆ. ಸಿನಿಮಾದಲ್ಲೂ ಹಾಗೇ ತೋರಿಸಿಬಿಟ್ಟರು. ಆದರೆ ಅದು ಕೊನೆಯದಲ್ಲ. 1890ರ ಜುಲೈನಲ್ಲಿ, ಪ್ಯಾರಿಸ್ ಹತ್ತಿರದ ಓವೇರ್ ಹಳ್ಳಿಯಲ್ಲಿ ಇದನ್ನು ಬರೆದ ಮೇಲೂ ಅವನು ಕುಂಚ ಕೆಳಗಿಡಲಿಲ್ಲ. ಕೊನೆಗೆ ಅವನ ಕೈಯಲ್ಲಿದ್ದದ್ದು ಮರದ ಬೇರುಗಳ ಚಿತ್ರ ಎನ್ನುತ್ತಾರೆ ಬಲ್ಲವರು. ಅದೂ ಪೂರ್ತಿಯಾಗಲಿಲ್ಲ. ಜುಲೈ 29ಕ್ಕೆ ಅವನು ತೀರಿಕೊಂಡ. ಆಗ ಅವನಿಗೆ 37 ವರ್ಷ.

ಸಾವಿನ ಕಥೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಚಿತ್ರ ನೋಡೋಣ. ಎತ್ತರ ಸುಮಾರು 50 ಸೆಂಟಿಮೀಟರ್, ಅಗಲ ಅದರ ಎರಡರಷ್ಟು. ಅಷ್ಟು ಅಗಲಕ್ಕೂ ಮಾಗಿದ ಗೋಧಿ. ಗಾಳಿಗೆ ತೆನೆಗಳು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ವಾಲಿವೆ. ಎಡಕ್ಕೊಂದು, ಬಲಕ್ಕೊಂದು ದಾರಿ ಚಿತ್ರದ ಆಚೆ ಹೋಗುತ್ತವೆ. ನಡುವಿನ ದಾರಿ ತಿರುಗುತ್ತಾ ಗೋಧಿಯೊಳಗೆ ಹೊಕ್ಕು ಅಲ್ಲೇ ಕಾಣೆಯಾಗುತ್ತದೆ. ದಾರಿಯ ಮಣ್ಣು ಕೆಂಪು, ಅಂಚಿನ ಹುಲ್ಲು ಹಸಿರು. ಆ ಹಸಿರು ಇರೋದಕ್ಕೇ ಕೆಂಪು ಅಷ್ಟು ಎದ್ದು ಕಾಣುತ್ತದೆ. ಆಕಾಶದ ನೀಲಿಗೂ ತೆನೆಯ ಹಳದಿಗೂ ಅದೇ ನಂಟು. ಇನ್ನು ಕಾಗೆಗಳು? ಒಂದೊಂದೂ ಕಪ್ಪು ಬಣ್ಣದ ಒಂದೆರಡು ದಪ್ಪ ಗೆರೆ, ಅಷ್ಟೇ. ನಮ್ಮ ಕಡೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಹೇಳೋಕಾಗಲ್ಲ. ಇಷ್ಟೊಂದು ಲೆಕ್ಕಾಚಾರದ ಬಣ್ಣ ಬುದ್ಧಿ ಕೈಕೊಟ್ಟವನ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಆ ದಿನಗಳಲ್ಲೇ ವ್ಯಾನ್ ಗೋ ತನ್ನ ತಮ್ಮ ತಿಯೋಗೆ, ತಮ್ಮನ ಹೆಂಡತಿ ಯೋಗೆ ಕಾಗದ ಬರೆದಿದ್ದ. ಅಶಾಂತ ಆಕಾಶದ ಕೆಳಗೆ ವಿಶಾಲವಾದ ಗೋಧಿ ಹೊಲಗಳನ್ನು ಬರೆದಿದ್ದೇನೆ, ದುಃಖವನ್ನೂ ತೀರಾ ಒಂಟಿತನವನ್ನೂ ತೋರಿಸಲು ನೋಡಿದೆ ಎಂದ. ಎಲ್ಲರೂ ಹೇಳೋದು ಈ ಮಾತನ್ನೇ. ಆದರೆ ಕಾಗದ ಅಲ್ಲಿಗೆ ಮುಗಿಯಲ್ಲ. ಹಳ್ಳಿಗಾಡಿನಲ್ಲಿ ಮನುಷ್ಯನಿಗೆ ಆರೋಗ್ಯ, ಬಲ ಕೊಡುವಂಥದ್ದು ಏನಿದೆ, ಮಾತಿನಲ್ಲಿ ಹೇಳಲಾಗದ್ದನ್ನು ಈ ಚಿತ್ರಗಳು ಹೇಳುತ್ತವೆ ಎಂದೂ ಬರೆದ. ದುಃಖವೂ ಬಲವೂ ಒಂದೇ ಹೊಲದಲ್ಲಿ ಕಂಡವು ಅವನಿಗೆ. ಒಂದನ್ನೇ ಹಿಡಿದು ಇನ್ನೊಂದನ್ನು ಬಿಡೋದು ಅನ್ಯಾಯ ಅಲ್ವಾ?

ಜುಲೈ 23ರಂದು ಅವನು ತಿಯೋಗೆ ಮತ್ತೊಂದು ಕಾಗದ ಹಾಕಿದ. ಅದರ ಜೊತೆಗೆ ತನಗೆ ಬೇಕಾದ ಬಣ್ಣಗಳ ಪಟ್ಟಿ ಕಳಿಸಿದ್ದ. ನಮಸ್ಕಾರ.